ಅಂಚಿನ ಗೆರೆ

ಮಾವ ಮೀನಿನ ಮುಳ್ಳುಗಳನ್ನು ಬಾಯಿಂದ ತೆಗೆದು ತಟ್ಟೆಯ ಬದಿಗೆ ಒಂದೊಂದಾಗಿ ಸಾಲಿಡುತ್ತಿದ್ದರು. ನೋಡಬಾರದು ಎಂದುಕೊಂಡೇ ಅವಳು ನೋಡಿದಳು. ಬೆಳಗಿನ ಜಾವ ಕಡಲಿಗೆ ಹೋಗಿ ಬಂದಿದ್ದರು. ಕೈ ತೊಳೆದಿದ್ದರೂ ಉಗುರಿನ ಸಂದಿಯಲ್ಲಿ ಒಂದೆರಡು ಹುರುಪೆ ಮಿನುಗುತ್ತಿದ್ದವು. ಮೀನು ಎಲ್ಲಿಯದು ಎಂದು ಕೇಳುವ ಅಗತ್ಯವಿರಲಿಲ್ಲ. ಇಷ್ಟು ದಪ್ಪ ಮುಳ್ಳಿನ ಕೆಂಪು ಮೀನು ಈ ತೀರದಲ್ಲಿ ಸಿಗುವುದು ಒಂದೇ ಕಡೆ, ಬಂಡೆಸಾಲು ಮುಗಿದು ಕಡಲು ಒಮ್ಮೆಗೇ ಆಳಕ್ಕೆ ಬೀಳುವ ಜಾಗದಲ್ಲಿ. ದೋಣಿಯವರು ಅದನ್ನು ಅಂಚು ಎನ್ನುತ್ತಾರೆ. ಮೀನು ಹಿಡಿಯದಂತೆ ಮುಚ್ಚಬೇಕಾದ ಜಾಗಗಳ ಅವಳ ನಕ್ಷೆಯಲ್ಲಿ ಅದು ಪ್ರದೇಶ ಮೂರು. ನಕ್ಷೆಯ ಪಕ್ಕದ ಕೋಷ್ಟಕದಲ್ಲಿ ಪ್ರದೇಶ ಮೂರರ ಎದುರು, ಮೀನುಗಾರಿಕೆ ಎಂಬ ಕಾಲಮ್ಮಿನ ಕೆಳಗೆ, ‘ಇಲ್ಲ’ ಎಂದಿತ್ತು. ಇವತ್ತು ಆ ಕೋಷ್ಟಕ ಸಭಾಂಗಣದ ಗೋಡೆಯ ಮೇಲೆ ಆಳೆತ್ತರಕ್ಕೆ ಬೀಳಲಿತ್ತು. ಇಲ್ಲದ ಮೀನುಗಾರಿಕೆಯ ಮೀನನ್ನು ಮಾವ ಚಪ್ಪರಿಸಿಕೊಂಡು ತಿನ್ನುತ್ತಿದ್ದರು. ಅವಳ ತಟ್ಟೆಯಲ್ಲೂ ಅದರದೇ ಒಂದು ತುಂಡು ಆರುತ್ತಿತ್ತು.

"ಇವತ್ತೇ ಅಲ್ವೇನಮ್ಮಾ ನಿಮ್ಮ ಸಭೆ?"

"ಹೌದು ಮಾವ."

"ನಮ್ಮನ್ನೂ ಕರೆದಿದಾರೆ. ಕೂರಿಸಿ ಟೀ ಕೊಡ್ತಾರಂತೆ."

"ಟೀ ಜೊತೆ ಬಿಸ್ಕೆಟ್ಟೂ ಇದೆ."

"ಬಿಸ್ಕೆಟ್ ಬೇರೆ ಇದ್ಯಾ? ಹಾಗಾದ್ರೆ ಕಡಲು ಹೋಯ್ತು ಬಿಡು" ಎಂದರು ಮಾವ. ನಗಲಿಲ್ಲ. ಅತ್ತೆ ಒಲೆಯ ಕಡೆಯಿಂದ ತಿರುಗದೆಯೇ, "ತಿನ್ನೋ ಹೊತ್ತಲ್ಲಿ ಕೆಣಕ್ಬೇಡಿ ಅವಳನ್ನ. ನೋಡೇ, ಆ ನೀಲಿ ಬಟ್ಟೆ ಹಾಕ್ಕೊಂಡು ಹೋಗು. ಇದ್ರಲ್ಲಿ ಮಂಕಾಗಿ ಕಾಣ್ತೀಯ. ಅಷ್ಟು ಜನದ ಮುಂದೆ ನಿಂತ್ಕೋಬೇಕು" ಎಂದರು.

ಅವಳು ತಲೆಯಾಡಿಸಿ ತುಂಡನ್ನು ಬಾಯಿಗಿಟ್ಟುಕೊಂಡಳು. ರುಚಿ ಇತ್ತು. ಎರಡು ವರ್ಷದಿಂದ ಯಾವುದಕ್ಕೂ ಇಲ್ಲದ ರುಚಿ ಈ ಮೀನಿಗೆ ಮಾತ್ರ ಇರುತ್ತಿತ್ತು, ಅದು ಅವಳಿಗೆ ತಪ್ಪು ಮಾಡಿದಂತೆ ಅನ್ನಿಸುತ್ತಿತ್ತು. ಈ ಮನೆಯ ಮಗ, ಅವಳ ಗಂಡ, ಆಸ್ಪತ್ರೆಯ ಹಾಸಿಗೆಯ ಮೇಲೆ, ಕಡಲಿಗೆ ಬೆನ್ನು ಹಾಕಿದ ಕಿಟಕಿಯ ಕೋಣೆಯಲ್ಲಿ, ರಕ್ತದ ಕಾಯಿಲೆಯಿಂದ ಸತ್ತಿದ್ದ. ದೋಣಿಯವರ ಮಗ ಕಡಲಲ್ಲಿ ಹೋಗಿದ್ದರೆ ಯಾರನ್ನಾದರೂ ಬೈಯಬಹುದಿತ್ತು, ಗಾಳಿಯನ್ನೋ ಇಂಜಿನ್ನನ್ನೋ. ಇಲ್ಲಿ ಬೈಯಲು ಯಾರೂ ಸಿಗದೆ ಸಂಬಂಧಿಕರು ಅವಳ ಮುಖ ನೋಡುತ್ತಾ ಕುಳಿತರು. ಅವಳ ಕಣ್ಣಲ್ಲಿ ನೀರು ಬರಲಿಲ್ಲ. ಅತ್ತೆಯ ತಂಗಿ ಅಡುಗೆಮನೆಯಲ್ಲಿ, ಕೇಳಿಸಲಿ ಎಂದೇ, "ಓದಿದವಳು ನೋಡು, ಒಳಗೆ ಏನೂ ಇಲ್ಲ" ಎಂದಿದ್ದಳು. ಅತ್ತೆ ತಂಗಿಗೆ ಏನು ಉತ್ತರ ಕೊಟ್ಟರೋ ಗೊತ್ತಿಲ್ಲ. ಆ ತಂಗಿ ಆಮೇಲೆ ಈ ಕಡೆ ಬಂದಿಲ್ಲ. ತವರಿಗೆ ಹೋಗು ಎಂದು ಯಾರೂ ಹೇಳಲಿಲ್ಲ. ಇರು ಎಂದೂ ಹೇಳಲಿಲ್ಲ. ಅವಳು ಇದ್ದಳು. ಬಂದರಿನ ಗೋಡೆಗೆ ಐದು ಪ್ರದೇಶಗಳ ನಕ್ಷೆ ಅಂಟಿಸಿದ ದಿನದಿಂದ ಮನೆಯಲ್ಲಿ ಕಡಲಿನ ಮಾತು ನಿಂತಿತ್ತು. ಮೊದಲೆಲ್ಲ ಮಾವ ಸೆಳೆತ ಹೇಗಿತ್ತು, ನೀರು ಎಷ್ಟು ತಂಪಿತ್ತು ಎಂದು ಹೇಳುವವರು, ಅವಳು ಕೇಳಿಸಿಕೊಂಡು ತನ್ನ ಲೆಕ್ಕದ ಜೊತೆ ತಾಳೆ ನೋಡುವವಳು. ಈಗ ಹವಾಮಾನ, ವಿದ್ಯುತ್ತು, ನಲ್ಲಿಯ ರಿಪೇರಿ ಇಷ್ಟೇ.

ನೀಲಿ ಬಟ್ಟೆ ಹಾಕಿಕೊಂಡು ಕಚೇರಿಗೆ ನಡೆದಳು. ರಸ್ತೆ ಇಳಿಜಾರು, ಕೆಳಗೆ ಬಂದರು, ಮಂಜುಗಡ್ಡೆ ಕಾರ್ಖಾನೆ, ಮೀನು ತುಂಬುವ ನೀಲಿ ಪೆಟ್ಟಿಗೆಗಳ ಗುಡ್ಡೆ. ಮನಸ್ಸು ಅಡ್ಡಾಡುತ್ತಿತ್ತು, ಆದರೆ ಎಲ್ಲೆಲ್ಲೋ ಹೋಗಿ ನಕ್ಷೆಗೇ ಬರುತ್ತಿತ್ತು. ಬಂದಾಗಲೆಲ್ಲ ಎದೆಯಲ್ಲಿ ಏನೋ ನೆಟ್ಟಗಾಗುತ್ತಿತ್ತು. ಅದು ಹೆಮ್ಮೆ. ಅದನ್ನು ಬೇರೆ ಹೆಸರಿನಿಂದ ಕರೆಯಲು ಅವಳು ಎಷ್ಟೋ ಸಲ ಪ್ರಯತ್ನಿಸಿದ್ದಳು, ಗಂಡ ಸತ್ತವಳಿಗೆ ಹೆಮ್ಮೆ ಏನು ಎಂದು. ಆದರೆ ಅದು ಹೆಮ್ಮೆಯೇ. ಜನ ತಿಳಿದುಕೊಂಡಿರುವಂತೆ ಕಡಲ ಮೀಸಲು ಎಂದರೆ ನೀರಿನ ಮೇಲೆ ಒಂದು ಚೌಕ ಎಳೆದು ಬೋರ್ಡು ಹಾಕುವುದಲ್ಲ. ಒಂದು ಮೀನು ತನ್ನ ಜೀವಮಾನದಲ್ಲಿ ಎಷ್ಟು ದೂರ ಅಲೆಯುತ್ತದೆ ಎಂದು ಗೊತ್ತಿರಬೇಕು. ಚೌಕ ಅದಕ್ಕಿಂತ ಚಿಕ್ಕದಾದರೆ ಮೀನು ಗೆರೆ ದಾಟಿ ಬಲೆಗೆ ಬೀಳುತ್ತದೆ, ಕಾವಲಿಟ್ಟದ್ದು ಬರೀ ನೀರಿಗೆ ಆಗುತ್ತದೆ. ಮೊಟ್ಟೆಯಿಂದ ಬಂದ ಮರಿ, ಕಣ್ಣಿಗೆ ಕಾಣದಷ್ಟು ಸಣ್ಣದು, ಮೂರು ವಾರ ನೀರಿನಲ್ಲಿ ತೇಲುತ್ತದೆ. ಅದು ಎಲ್ಲಿಗೆ ಹೋಗಿ ಇಳಿಯುತ್ತದೆ ಎಂದು ಗೊತ್ತಿರಬೇಕು. ಒಂದು ಮೀಸಲಿನ ಮರಿ ಇನ್ನೊಂದಕ್ಕೆ ತಲುಪದಷ್ಟು ದೂರ ಇಟ್ಟರೆ ಐದೂ ಐದು ಒಂಟಿ ಮನೆಗಳಾಗುತ್ತವೆ. ಅವಳು ಕೆಲಸ ಮಾಡುವ ಕಡಲ ಸಂಶೋಧನಾ ಸಂಸ್ಥೆಯಲ್ಲಿ ಸೆಳೆತದ ಲೆಕ್ಕ ಮಾಡುವ ಹಿರಿಯರೊಬ್ಬರಿದ್ದರು, ಇಡೀ ದಿನ ಗೊಣಗುವವರು. ಅವರ ಜೊತೆ ಕುಳಿತು ಅವಳು ಕಂಪ್ಯೂಟರಿನ ಕಡಲಿಗೆ ಲಕ್ಷಗಟ್ಟಲೆ ಮರಿಗಳನ್ನು ಬಿಟ್ಟಿದ್ದಳು. ಮೊದಲ ಸಲ ಎಲ್ಲವೂ ಹೊರಗಡಲಿಗೆ ಹೋಗಿ ಸತ್ತವು. "ನಿನ್ನ ಮರಿಗಳಿಗೆ ಮೈಗಳ್ಳತನ ಕಣಮ್ಮಾ, ಮೇಲೇ ತೇಲ್ಕೊಂಡು ಹೋಗ್ತವೆ" ಎಂದಿದ್ದರು ಹಿರಿಯರು. ಅವಳು ಮರಿಗಳಿಗೆ ಹಗಲು ಕೆಳಗಿಳಿಯುವುದನ್ನು, ಇರುಳು ಮೇಲೆ ಬರುವುದನ್ನು ಕಲಿಸಿದಳು, ನಿಜವಾದ ಮರಿಗಳು ಮಾಡುವಂತೆ. ಕೆಳಗಿನ ನೀರು ದಡದ ಕಡೆಗೆ ಹರಿಯುತ್ತಿತ್ತು. ಆಗ ಅವು ತಿರುಗಿದವು. ಅಂಚಿನಲ್ಲಿ ಹುಟ್ಟಿದವು ಸುತ್ತು ಹಾಕಿ ಬಂದು ಬಂದರಿನ ದಕ್ಷಿಣದಲ್ಲಿ ನೀರಡಿ ಹುಲ್ಲು ಬೆಳೆದ ಹುಲ್ಲುತಳದಲ್ಲಿ, ಸಣ್ಣ ಬಲೆಯವರು ಸೊಂಟದಷ್ಟು ನೀರಿನಲ್ಲಿ ನಿಂತು ಮೀನು ಹಿಡಿಯುವ ಜಾಗದಲ್ಲಿ, ಇಳಿದವು. ಬೇರೆ ಯಾವ ಜಾಗದ ಮರಿಗಳೂ ಅಷ್ಟು ಬರಲಿಲ್ಲ. ಹಿರಿಯರು ಪರದೆಯನ್ನು ಬಹಳ ಹೊತ್ತು ನೋಡಿ, "ನಾನು ಮೂವತ್ತು ವರ್ಷ ಇದನ್ನ ಹುಡುಕ್ತಾ ಇದ್ದೆ" ಎಂದು ಎದ್ದು ಹೋದರು. ಅವರು ಹೊಗಳಿದ್ದು ಅದೊಂದೇ ಸಲ.

ಅಂಚನ್ನು ಅವಳಿಗೆ ಮೊದಲು ತೋರಿಸಿದ್ದು ಗಂಡ. ಆಗ ಅವಳು ವಿದ್ಯಾರ್ಥಿನಿ, ಅವನು ಬಾಡಿಗೆಗೆ ಬಂದ ದೋಣಿಯವನು. ನೀರಿಗಿಳಿದು ಮೀನು ಎಣಿಸಬೇಕಿತ್ತು. ಹುಣ್ಣಿಮೆಯ ಆಸುಪಾಸು. ಮುಖವಾಡ ಹಾಕಿ ತಲೆ ಮುಳುಗಿಸಿದರೆ ಕೆಳಗೆ ಬಂಡೆಯ ಕೊನೆಯಲ್ಲಿ ದೊಡ್ಡ ದೊಡ್ಡ ಕೆಂಪು ಮೀನುಗಳು, ಮುದುಕಿಯಾದ ಹೆಣ್ಣುಗಳು, ಬೆಳೆದ ಮಗುವಿನಷ್ಟು ಉದ್ದದವು, ಅವಸರವೇ ಇಲ್ಲದೆ ಸುತ್ತುತ್ತಿದ್ದವು. ಉಳಿದ ಕಾಲ ಅಂಚಿನುದ್ದಕ್ಕೂ ಅದರ ಬುಡದ ಮರಳಿನಲ್ಲೂ ಚದುರಿರುವ ಮೀನು ಮೊಟ್ಟೆಯಿಡಲು ಇಲ್ಲಿ ಒಟ್ಟು ಸೇರುತ್ತದೆ. ಅವಳು ಮೇಲೆ ಬಂದು ಉಸಿರು ಬಿಟ್ಟು, "ಎಷ್ಟು ಎಣಿಸಿದೆ ಅಂತ ಮರೆತುಹೋಯ್ತು" ಎಂದಳು. "ಒಳ್ಳೇ ಎಣಿಸೋರು! ಇನ್ನೊಂದ್ಸಲ ಇಳೀರಿ, ಡೀಸೆಲ್ ನಿಮ್ಮದೇ ಅಲ್ವಾ" ಎಂದ ಅವನು. ಅವನ ದನಿ ಅವಳಿಗೆ ಪೂರ್ತಿ ನೆನಪಿತ್ತು. ನೆನಪಾದಾಗ ಏನಾಗಬೇಕೋ ಅದು ಆಗುತ್ತಿರಲಿಲ್ಲ, ಅಷ್ಟೇ. ಬಾಗಿಲು ತಟ್ಟಿದ್ದು ಕೇಳಿಸುತ್ತದೆ, ಎದ್ದು ಹೋಗಿ ತೆರೆಯಲು ಕಾಲು ಬರುವುದಿಲ್ಲ.

ಲೆಕ್ಕದಲ್ಲಿ ತಪ್ಪು ನಡೆದದ್ದು ಆ ಆಸ್ಪತ್ರೆಯ ನಂತರದ ತಿಂಗಳುಗಳಲ್ಲಿ. ಕಡಲನ್ನು ಆರು ಮೂಲೆಯ ಸಣ್ಣ ಸಣ್ಣ ಮನೆಗಳಾಗಿ ಕತ್ತರಿಸಿ, ಒಂದೊಂದು ಮನೆಯನ್ನು ಮುಚ್ಚಿದರೆ ದೋಣಿಯವರಿಗೆ ಎಷ್ಟು ನಷ್ಟ ಎಂಬ ಅಂಕಿಯನ್ನು ಕಂಪ್ಯೂಟರಿಗೆ ಕೊಡಬೇಕು. ಎಷ್ಟು ಮೀನು, ಎಷ್ಟು ಬಂಡೆ, ಎಷ್ಟು ಹುಲ್ಲು ಉಳಿಯಬೇಕು ಎಂದು ಹೇಳಿದರೆ ಅದು ಎಲ್ಲಕ್ಕಿಂತ ಕಡಿಮೆ ನಷ್ಟದ ಮನೆಗಳನ್ನು ಆರಿಸಿ ಕೊಡುತ್ತದೆ. ನಷ್ಟದ ಅಂಕಿ ಬಂದದ್ದು ದೋಣಿ ಎಲ್ಲೆಲ್ಲಿ ಓಡಾಡಿತೆಂದು ದಾಖಲಿಸುವ ಟ್ರ್ಯಾಕರಿನಿಂದ. ಟ್ರ್ಯಾಕರ್ ಇರುವುದು ದೊಡ್ಡ ಬೋಟುಗಳಿಗೆ ಮಾತ್ರ. ದೊಡ್ಡ ಬೋಟಿನ ಬಲೆ ಅಂಚಿನ ಬಂಡೆಗೆ ಸಿಕ್ಕಿ ಹರಿಯುತ್ತದೆ, ಅವರು ಬಂಡೆಯ ಹತ್ತಿರ ಬರದೆ ದೂರದ ಮರಳಿನಲ್ಲೇ ಎಳೆಯುತ್ತಾರೆ. ಹೀಗೆ ಅಂಚಿನ ಮನೆಗಳು ಖಾಲಿ ಉಳಿದವು. ಖಾಲಿ ಎಂದರೆ ಗೊತ್ತಿಲ್ಲ ಎಂದು ಅರ್ಥ. ಅವಳು ಆ ದಿನಗಳಲ್ಲಿ ಕಂಪ್ಯೂಟರಿಗೆ ಒಂದು ಸಾಲು ಬರೆದಿದ್ದಳು: ಖಾಲಿ ಇದ್ದ ಕಡೆ ಸೊನ್ನೆ ಹಾಕು. ಕೆಲಸ ನಿಲ್ಲದಿರಲಿ ಎಂದು ಎಲ್ಲರೂ ಬರೆಯುವ ಸಾಲು. ಮರುದಿನ ಪರದೆಯ ಮೇಲೆ ಅಂಚು ಪೂರ್ತಿ ಹಸಿರಾಗಿ, ಮುಚ್ಚಲು ಅತಿ ಅಗ್ಗದ ಜಾಗವಾಗಿ ಅರಳಿ ನಿಂತಿತು. ಅವಳಿಗೆ ಬೇಕಾದ ಜಾಗವನ್ನೇ ಯಂತ್ರವೂ ಆರಿಸಿತ್ತು. ಯಾಕೆ ಎಂದು ಅವಳು ಕೇಳಲಿಲ್ಲ. ಆ ದಿನವೂ ಮನೆಗೆ ಬಂದು ಮೀನು ತಿಂದಿದ್ದಳು.

ನಿನ್ನೆ, ಸಭೆಯ ಕೋಷ್ಟಕವನ್ನು ಕೊನೆಯ ಸಲ ನೋಡುವಾಗ, ಆ ‘ಇಲ್ಲ’ದ ಮೇಲೆ ಕಣ್ಣು ನಿಂತಿತು. ಅಂಚಿಗೆ ಹೋಗುವ ಸಣ್ಣ ದೋಣಿಗಳು ಹನ್ನೊಂದು. ಒಂದೊಂದರ ಬಣ್ಣವೂ ಅವಳಿಗೆ ಗೊತ್ತು. ಹನ್ನೊಂದನ್ನೂ ಅಂದಾಜಿನಲ್ಲಿ ಸೇರಿಸಿ ಲೆಕ್ಕವನ್ನು ಮತ್ತೆ ಓಡಿಸಿದಳು. ಯಂತ್ರ ಅಂಚನ್ನು ಬಿಟ್ಟು, ಉತ್ತರದ ಕೆಸರುತಳಕ್ಕೆ ಹಾರಿತು. ಅಲ್ಲಿ ಯಾರೂ ಹೋಗುವುದಿಲ್ಲ, ಮೀನೂ ಹೋಗುವುದಿಲ್ಲ. ಅವಳು ನಿರ್ದೇಶಕರ ಕೋಣೆಗೆ ಹೋದಳು. ನಿರ್ದೇಶಕರು ಕೆಟ್ಟವರಲ್ಲ, ಅವಳ ಗಂಡ ಸತ್ತಾಗ ಇಡೀ ಸಂಸ್ಥೆಯನ್ನು ಕರೆದುಕೊಂಡು ಬಂದಿದ್ದರು.

"ಈಗ ಇದನ್ನ ಯಾಕಮ್ಮಾ ಕೆದಕ್ತೀರಿ?" ಎಂದರು. "ನಿಯಮ ಗೊತ್ತಲ್ಲ. ಮೀನುಗಾರಿಕೆ ಇಲ್ಲ ಅಂದ್ರೆ ಸಮಿತಿ ನೇರವಾಗಿ ಮುಚ್ಚಬಹುದು. ಇದೆ ಅಂದ್ರೆ ಅಲ್ಲಿ ಹಿಡಿಯೋರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಒಪ್ಪಿಗೆ ಬೇಕು, ಅದೇ ಸಭೇಲಿ, ಕೈ ಎತ್ತಿಸಿ. ಯಾರಾದ್ರೂ ತಮ್ಮ ಅನ್ನಕ್ಕೆ ತಾವೇ ಕೈ ಎತ್ತಿ ಬೀಗ ಹಾಕ್ತಾರಾ? ಅಂಚು ಕೈ ಬಿಟ್ಟುಹೋಗುತ್ತೆ. ನಿಮ್ಮ ಐದು ವರ್ಷದ ಕೆಲಸ."

"ಆದ್ರೆ ಇಲ್ಲ ಅನ್ನೋದು ಸುಳ್ಳು ಸಾರ್."

"ಸುಳ್ಳಲ್ಲ, ದಾಖಲೆ ಇಲ್ಲ. ದಾಖಲೆ ಇಲ್ಲದ್ದನ್ನ ಇಲ್ಲ ಅಂತ ಬರೆಯೋದು ಪದ್ಧತಿ." ಆಮೇಲೆ ದನಿ ತಗ್ಗಿಸಿ, "ನಿಮ್ಮ ಮಾವನವರದ್ದೂ ಒಂದು ದೋಣಿ ಇದೆ ಅಂತ ಕೇಳಿದೆ. ನೀವು ಎದ್ದು ನಿಂತು ಇದೆ ಅಂದ್ರೆ ಜನ ಏನಂತಾರೆ? ಮನೆಯವರನ್ನ ಉಳಿಸ್ಕೊಂಡ್ಳು ಅಂತಾರೆ. ಸುಮ್ಮನಿದ್ರೆ ಮೀನು ಉಳಿಯುತ್ತೆ. ಯೋಚನೆ ಮಾಡಿ" ಎಂದರು.

ಅವಳು ಯೋಚನೆ ಮಾಡಿದ್ದಳು. ಸುಮ್ಮನಿದ್ದರೆ ಅಂಚು ಸಿಗುತ್ತದೆ, ದಾಖಲೆಯಲ್ಲಿ ಮಾವ ಇಲ್ಲವಾಗುತ್ತಾರೆ. ಬಾಯಿ ಬಿಟ್ಟರೆ ಮಾವ ಇರುತ್ತಾರೆ, ಅಂಚು ಹೋಗುತ್ತದೆ, ಅದರ ಜೊತೆ ಆ ಮುದುಕಿ ಮೀನುಗಳು, ಮೂರು ವಾರ ಸುತ್ತಿ ಬರುವ ಮರಿಗಳು, ಅವಳಿಗೆ ಉಳಿದಿದ್ದ ಒಂದೇ ಒಂದು ನೆಟ್ಟಗಿನ ವಸ್ತು. ಕಚೇರಿಯ ಕನ್ನಡಿ ಬಾಗಿಲಲ್ಲಿ ನೀಲಿ ಬಟ್ಟೆಯ ಹೆಂಗಸೊಬ್ಬಳು ಎದುರು ಬಂದಳು, ತಾನೇ ಎಂದು ತಿಳಿಯುವುದಕ್ಕೆ ಕ್ಷಣ ಹಿಡಿಯಿತು. ಮಂಕಾಗಿ ಕಾಣುತ್ತಿರಲಿಲ್ಲ. ಅತ್ತೆ ಹೇಳಿದ್ದು ಸರಿ.

ಸಭಾಂಗಣದಲ್ಲಿ ಕುರ್ಚಿಗಳು ಕಿರುಗುಟ್ಟುತ್ತಿದ್ದವು. ದೊಡ್ಡ ಬೋಟಿನ ಮಾಲೀಕರು ಬಲಗಡೆ, ಇಸ್ತ್ರಿ ಮಾಡಿದ ಅಂಗಿಗಳಲ್ಲಿ. ಹಿಂದಿನ ಸಾಲಿನಲ್ಲಿ ಸಣ್ಣ ದೋಣಿಯವರು, ಬಿಸ್ಕೆಟ್ಟಿನ ತಟ್ಟೆಯನ್ನು ಕೈಯಿಂದ ಕೈಗೆ ದಾಟಿಸುತ್ತಾ. ಮಾವ ಮಾತ್ರ ಹಿಂದೆ ಕೂತಿರಲಿಲ್ಲ. ಎದುರಿನ ಸಾಲಿನ ನಡುಕುರ್ಚಿಯಲ್ಲಿ, ಮೊಣಕಾಲ ಮೇಲೆ ಕೈಯೂರಿ, ಗೋಡೆಯನ್ನೇ ನೋಡುತ್ತಾ ಕೂತಿದ್ದರು. ಅವಳ ಕಡೆ ನೋಡಲಿಲ್ಲ. ಸಮಿತಿಯ ಅಧ್ಯಕ್ಷೆ, ದಪ್ಪ ಕನ್ನಡಕದ ನಿವೃತ್ತ ನ್ಯಾಯಾಧೀಶೆ, ಗಡಿಯಾರ ನೋಡಿ ತಲೆಯಾಡಿಸಿದರು. ಅವಳು ಎದ್ದು ಒಂದು, ಎರಡು ಎಂದು ಪ್ರದೇಶಗಳನ್ನು ಹೇಳುತ್ತಾ ಹೋದಳು. ದನಿ ಸ್ಪಷ್ಟವಾಗಿತ್ತು, ಅದು ತನ್ನದಲ್ಲವೇನೋ ಎಂಬಂತೆ ಅವಳೇ ಕೇಳಿಸಿಕೊಳ್ಳುತ್ತಿದ್ದಳು. ಮೂರನೆಯದರ ಚಿತ್ರ ಗೋಡೆಗೆ ಬಿತ್ತು. ಅಂಚು, ಅದರ ಸುತ್ತ ಅವಳ ಗೆರೆ, ಪಕ್ಕದಲ್ಲಿ ಕೋಷ್ಟಕ. ಮಾವನ ತುಟಿ ಅಲುಗಿತು. ಅವರು ಅಕ್ಷರ ಕೂಡಿಸಿ ನಿಧಾನ ಓದುವವರು. ‘ಇಲ್ಲ’ ಎಂಬಲ್ಲಿ ತುಟಿ ನಿಂತಿತು. ಮತ್ತೆ ಮೊದಲಿನಿಂದ ಓದಿದರು, ತಪ್ಪು ಓದಿದೆನೇನೋ ಎಂಬಂತೆ. ಆಮೇಲೆ ಕೈಯನ್ನು ಮೊಣಕಾಲಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡರು. ಆಸ್ಪತ್ರೆಯಲ್ಲಿ ವೈದ್ಯರು ಬಂದು ಹೇಳಿದಾಗಲೂ ಅವರು ಹೀಗೇ, ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ, ಮಡಿಲಲ್ಲಿಟ್ಟುಕೊಂಡಿದ್ದರು.

"ಇಲ್ಲಿ ಒಂದು ತಪ್ಪಿದೆ" ಎಂದಳು ಅವಳು. "ತಪ್ಪು ನನ್ನದು."

ನಿರ್ದೇಶಕರು ಪೆನ್ನು ಕೆಳಗಿಟ್ಟರು.

"ಮೀನುಗಾರಿಕೆ ಇಲ್ಲ ಅಂತ ಬರೆದಿದೆ. ಇದೆ. ಟ್ರ್ಯಾಕರ್ ಇಲ್ಲದ ಹನ್ನೊಂದು ದೋಣಿ ಅಲ್ಲಿಗೆ ಹೋಗ್ತವೆ. ಅದ್ರಲ್ಲಿ ಒಂದು ನಮ್ಮ ಮನೇದು. ಮಾಹಿತಿ ಇಲ್ಲದ ಕಡೆ ಸೊನ್ನೆ ಹಾಕೋ ಹಾಗೆ ಬರೆದಿದ್ದೆ. ಗೊತ್ತಿಲ್ಲ ಅನ್ನೋದು ಇಲ್ಲ ಅಂತ ಆಯ್ತು. ಸರಿಯಾದ ಲೆಕ್ಕ ಹಾಕಿದ್ರೆ ಈ ನಕ್ಷೇಲಿ ಎಲ್ಲಕ್ಕಿಂತ ದುಬಾರಿ ಜಾಗ ಇದೇನೆ. ಕಂಪ್ಯೂಟರ್ ಇದನ್ನ ಬಿಟ್ಟುಬಿಡಿ ಅನ್ನುತ್ತೆ." ಉಸಿರೆಳೆದುಕೊಂಡಳು. "ನಾನು ಬಿಡಬೇಡಿ ಅಂತೀನಿ. ಅಗ್ಗವಾಗಿ ಸಿಕ್ತು ಅಂತ ಕೇಳ್ತಾ ಇಲ್ಲ. ದುಬಾರಿ ಅಂತ ಗೊತ್ತಿದ್ದೇ ಕೇಳ್ತಿದೀನಿ."

ಹಿಂದಿನ ಸಾಲಿನಲ್ಲಿ ಗಲಾಟೆ ಎದ್ದಿತು. ಬಲಗಡೆ ಯಾರೋ ನಕ್ಕರು. ಅಧ್ಯಕ್ಷೆ ಮೇಜು ಕುಟ್ಟಿ, "ಹಾಗಾದರೆ ನಿಯಮದ ಪ್ರಕಾರ ಆ ಹನ್ನೊಂದು ದೋಣಿಯವರಲ್ಲಿ ಬಹುಮತದ ಒಪ್ಪಿಗೆ ಬೇಕು. ಇಲ್ಲೇ ಇದ್ದಾರಾ? ಕೇಳುವುದಿದ್ದರೆ ಕೇಳಲಿ" ಎಂದರು. ಅಂಚು ಹೋಯಿತು ಎಂದುಕೊಂಡಳು ಅವಳು. ವಿಚಿತ್ರವೆಂದರೆ ಎದೆಯಲ್ಲಿನ ಆ ನೆಟ್ಟಗಿನ ವಸ್ತು ಬಾಗಲಿಲ್ಲ.

ಮೊದಲು ಎದ್ದವನು ಮೀಸೆ. ಹಸಿರು ದೋಣಿಯವನು, ಬಂದರಿನಲ್ಲಿ ಎಲ್ಲರೂ ಕರೆಯುವುದೇ ಹಾಗೆ. ಮೀಸೆ ಬೋಳಿಸಿ ಎಷ್ಟೋ ಕಾಲವಾದರೂ ಹೆಸರು ಹೋಗಿಲ್ಲ. "ಅರ್ಧ ಮಾಡೋಣ ಮೇಡಂ. ಅರ್ಧ ಮೀನಿಗೆ, ಅರ್ಧ ನಮಗೆ. ಮನೆ ಪಾಲು ಮಾಡ್ಕೊಳ್ಳಲ್ವಾ ಅಣ್ಣತಮ್ಮ, ಹಾಗೆ."

"ಅರ್ಧ ಮಾಡಿದ್ರೆ ಪೂರ್ತಿ ಹೋಗುತ್ತೆ. ಮೊಟ್ಟೆ ಇಡೋ ಹೊತ್ತಲ್ಲಿ ಮೀನು ಅಂಚಿನ ಈ ತುದಿಯಿಂದ ಆ ತುದಿಗೆ ಓಡಾಡುತ್ತೆ. ನೀವೆಲ್ಲ ಗೆರೆ ಪಕ್ಕದಲ್ಲೇ ಗಾಳ ಬಿಟ್ಕೊಂಡು ಕೂರ್ತೀರ."

"ಕೂರ್ತೀವಿ ಮತ್ತೆ! ಸುಮ್ನೆ ಬಿಡ್ತೀವಾ?" ಎಂದ ಮೀಸೆ. ಹಿಂದಿನವರು ನಕ್ಕರು. ಅವನು ಅವರನ್ನು ಕೈಯಿಂದ ತಡೆದು, "ದೊಡ್ಡ ಬೋಟಿಗೂ ಇದೇ ಗೆರೆನಾ?" ಎಂದು ಕೇಳಿದ.

"ಇದೇ ಗೆರೆ. ಅದಕ್ಕೇ ಅವರಿನ್ನೂ ಬಂದಿಲ್ಲದ ಅಂಚಿನ ಬುಡದ ಮರಳನ್ನೂ ಸೇರಿಸಿದೀನಿ. ಮೀನು ಹೊಟ್ಟೆ ತುಂಬಿಸ್ಕೊಳ್ಳೋದು ಆ ಮರಳಲ್ಲಿ. ಅಲ್ಲಿ ಬಲೆ ಎಳೆಯೋ ಹಾಗಿಲ್ಲ, ಯಾರೂ."

ಬಲಗಡೆಯ ಇಸ್ತ್ರಿ ಅಂಗಿಗಳಲ್ಲಿ ಒಬ್ಬರು ಏನೋ ಹೇಳಲು ಎದ್ದರು, ಅಧ್ಯಕ್ಷೆ ಕೂರಿಸಿದರು. ಆಗ ಮಾವ ಎದ್ದರು. ಎದ್ದು, ಅಂಗಿಯ ಗುಂಡಿಯೊಂದನ್ನು ಹಾಕಿಕೊಂಡು, ಮೊದಲ ಸಲ ಅವಳ ಕಡೆ ತಿರುಗಿದರು. ಮನೆಯಲ್ಲಿ ನೋಡುವಂತೆ ನೋಡಲಿಲ್ಲ. ದರ ಕೇಳುವವರು ತಕ್ಕಡಿಯನ್ನು ನೋಡುವಂತೆ ನೋಡಿದರು.

"ಅಲ್ಲಮ್ಮಾ, ಮುದಿ ಮೀನು ಬೇಕು ಅಂತೀಯಲ್ಲ. ಮುದಿ ಮೀನಿನಿಂದ ಏನು ಲಾಭ? ಎಳೇದಿದ್ರೆ ನಾಳೆ ಮೊಟ್ಟೆ ಇಡುತ್ತೆ."

"ಎಳೇದು ಇಡೋದು ಒಂದು ಹಿಡಿ ಮಾವ. ಮುದುಕಿ ಇಡೋದು ಕೊಡಗಟ್ಟಲೆ. ಬರೀ ಹೆಚ್ಚು ಅಂತಲ್ಲ, ಅದರ ಮೊಟ್ಟೇಲಿ ಎಣ್ಣೆ ಜಾಸ್ತಿ ಇರುತ್ತೆ. ಮರಿ ಹಸಿವು ತಡ್ಕೊಳ್ಳುತ್ತೆ, ಮೂರು ವಾರ ಬದುಕುತ್ತೆ. ನೀವು ಈ ಬೆಳಿಗ್ಗೆ ತಂದಿದ್ದಿರಲ್ಲ, ಅಂಥದ್ದು." ಕೊನೆಯ ಮಾತನ್ನು ಹೇಳಬಾರದಿತ್ತೇನೋ. ಹೇಳಿಯಾಗಿತ್ತು.

"ನೀನೂ ತಿಂದೆ."

"ತಿಂದೆ."

ಮಾವ ಗಂಟಲು ಸರಿಮಾಡಿಕೊಂಡರು. "ಆ ಮರಿ ಎಲ್ಲಿಗೆ ಬರುತ್ತೆ ಅಂತ ನಿಂಗೆ ಹೇಗೆ ಗೊತ್ತು? ಮೀನು ನಿನ್ನ ಕಿವೀಲಿ ಹೇಳ್ತಾ?"

ಅವಳು ಮುಂದಿನ ಚಿತ್ರ ಹಾಕಿದಳು. ಕಪ್ಪು ಕಡಲಿನಲ್ಲಿ ಅಂಚಿನಿಂದ ಹೊರಟ ಸಾವಿರಾರು ಹಳದಿ ಚುಕ್ಕಿಗಳು ದೊಡ್ಡ ಸುತ್ತು ಹಾಕಿ, ಒಂದಿಷ್ಟು ಚದುರಿ, ಉಳಿದವು ಗುಂಪುಗೂಡಿ ಹುಲ್ಲುತಳಕ್ಕೆ ಇಳಿದವು. ಹೋದ ವರ್ಷ ಅಲ್ಲಿ ಬಲೆ ಹಾಕಿ ಮರಿ ಹಿಡಿದು, ಅವುಗಳ ಕಿವಿಯೊಳಗಿನ ಕಲ್ಲನ್ನು ಕತ್ತರಿಸಿ ನೋಡಿದ್ದನ್ನು ಹೇಳಿದಳು. ಆ ಕಲ್ಲಿನಲ್ಲಿ ದಿನಕ್ಕೊಂದು ಬಳೆ ಮೂಡುತ್ತದೆ, ಅವು ಹುಟ್ಟಿದ ನೀರಿನ ಗುರುತು ಅದರ ನಡುವಿನಲ್ಲಿ ಉಳಿದಿರುತ್ತದೆ, ಹತ್ತರಲ್ಲಿ ಏಳು ಅಂಚಿನವು. ಯಾರ ಮುಖವನ್ನೂ ನೋಡದೆ ಹೇಳುತ್ತಿದ್ದಳು, ಆದರೆ ಹೇಳುತ್ತಾ ಹೇಳುತ್ತಾ ತನ್ನ ದನಿ ತನ್ನೊಳಗಿಂದಲೇ ಬರುತ್ತಿದೆ ಎಂದು ತಿಳಿಯಿತು. ಹಿಂದಿನ ಸಾಲಿನವರು ಕುತ್ತಿಗೆ ಚಾಚಿ ಚುಕ್ಕಿಗಳನ್ನೇ ನೋಡುತ್ತಿದ್ದರು. ಅವರಲ್ಲಿ ಹಲವರ ಮಕ್ಕಳು, ಸೊಸೆಯಂದಿರು ಆ ಹುಲ್ಲುತಳದಲ್ಲಿ ಬಲೆ ಹಾಕುವವರು. "ಇನ್ನೊಂದ್ಸಲ ಬಿಡಿ ಮೇಡಂ ಅದನ್ನ" ಎಂದ ಮೀಸೆ. ಅವಳು ಮತ್ತೊಮ್ಮೆ ಬಿಟ್ಟಳು.

"ಎಷ್ಟು ವರ್ಷ?" ಎಂದರು ಮಾವ. ಅವರೊಬ್ಬರೇ ಚುಕ್ಕಿಗಳನ್ನು ನೋಡದೆ ಅವಳನ್ನು ನೋಡುತ್ತಿದ್ದರು. "ಮುಚ್ಚಿದ ಮೇಲೆ ಹೊರಗೆ ಮೀನು ಕಾಣೋಕೆ ಎಷ್ಟು ವರ್ಷ?"

"ಆರು, ಏಳು."

"ಅಲ್ಲೀವರೆಗೆ ನಾನು ಇರ್ತೀನಾ?"

ಇರುತ್ತೀರಿ ಎಂದು ಬೇರೆ ಯಾರಾದರೂ ಹೇಳಿಬಿಡುತ್ತಿದ್ದರು. ಗಂಡನಿಗೂ ಎಲ್ಲರೂ ಹಾಗೇ ಹೇಳಿದ್ದರು, ಹಾಸಿಗೆಯ ಸುತ್ತ ನಿಂತು. ಅವನು ಅವಳೊಬ್ಬಳ ಕಡೆ ತಿರುಗಿ ಕೇಳಿದ್ದ, ಅವಳೂ ಹಾಗೇ ಹೇಳಿದ್ದಳು.

"ಗೊತ್ತಿಲ್ಲ ಮಾವ" ಎಂದಳು.

ಅವರು ತಲೆಯಾಡಿಸಿ ಕೂತರು. ಉತ್ತರ ಸಾಕು ಎಂಬಂತೆ.

ಅಧ್ಯಕ್ಷೆ ಹನ್ನೊಂದು ಜನರನ್ನೂ ಎದ್ದು ನಿಲ್ಲಲು ಹೇಳಿ, ಅಂಚನ್ನು ಇಡಿಯಾಗಿ, ಎಲ್ಲರಿಗೂ, ದೊಡ್ಡ ಬೋಟಿಗೂ ಸೇರಿಸಿ ಮುಚ್ಚಲು ಒಪ್ಪುವವರು ಕೈ ಎತ್ತಬೇಕು ಎಂದರು. ಮೀಸೆ ಕೈ ಎತ್ತಿದ, ಎತ್ತಿ ಸುತ್ತ ನೋಡಿದ. ಅವನ ಪಕ್ಕದವನು ಎತ್ತಿದ. ಇನ್ನಿಬ್ಬರು ಪಿಸುಗುಟ್ಟಿಕೊಂಡು ಎತ್ತಿದರು. ಎರಡು ಹಳದಿ ದೋಣಿಗಳ ಅಣ್ಣತಮ್ಮಂದಿರಲ್ಲಿ ಅಣ್ಣ ಎತ್ತಿದ, ತಮ್ಮ ಎತ್ತಲಿಲ್ಲ. ಮತ್ತೆ ಎರಡು ಕೈ. ಏಳು. ಮಾವನ ಕೈ ಕೆಳಗೇ ಇತ್ತು, ಎರಡೂ ಕೈ, ತೊಡೆಯ ಪಕ್ಕದಲ್ಲಿ ನೇರವಾಗಿ. ಒಪ್ಪದವರ ಕೈ ಕೇಳಿದಾಗ ಅವರು ಬಲಗೈಯನ್ನು ಎಲ್ಲರಿಗಿಂತ ಎತ್ತರಕ್ಕೆ ಎತ್ತಿದರು. ಅಧ್ಯಕ್ಷೆ ಬರೆದುಕೊಂಡರು: ಪ್ರದೇಶ ಮೂರು, ಮೀನುಗಾರಿಕೆ ಇದೆ, ಹನ್ನೊಂದು ದೋಣಿ, ಒಪ್ಪಿಗೆ ಏಳು, ವಿರೋಧ ನಾಲ್ಕು, ಮುಚ್ಚಲಾಗಿದೆ. ಬರೆದದ್ದನ್ನು ಗಟ್ಟಿಯಾಗಿ ಓದಿದರು. ನಿರ್ದೇಶಕರು ಬಾಗಿ, "ನಿಮ್ಮ ಧೈರ್ಯಕ್ಕೆ ಏನು ಹೇಳಬೇಕೋ" ಎಂದರು. ಅದು ಮೆಚ್ಚುಗೆಯೋ ಅಲ್ಲವೋ ಅವರಿಗೇ ತಿಳಿದಂತಿರಲಿಲ್ಲ. ಅವಳಿಗೆ ಕುಣಿಯುವಷ್ಟು ಸಂತೋಷವಾಗಬೇಕಿತ್ತು. ಆಗಿತ್ತು, ಆದರೆ ಅದರ ಮಧ್ಯೆ ಎತ್ತರಕ್ಕೆ ಎತ್ತಿದ ಆ ಒಂದು ಕೈ ನಿಂತಿತ್ತು, ಇಳಿಯಲೊಲ್ಲದೆ.

ಹೊರಗೆ ಬಿಸಿಲು. ಮೆಟ್ಟಿಲ ಕೆಳಗೆ ದೋಣಿಯವರು ಗುಂಪುಗುಂಪಾಗಿ ಇಳಿಜಾರಿನಲ್ಲಿ ಬಂದರಿನ ಕಡೆ ಹೊರಟಿದ್ದರು. ಮಾವ ಮುಂದೆ, ಅವಳು ಒಂದಿಷ್ಟು ಹಿಂದೆ. ಹತ್ತಿರ ಹೋಗುವ ಹಕ್ಕು ತನಗಿದೆಯೇ ಎಂದು ಗೊತ್ತಾಗದೆ ಹೆಜ್ಜೆಯನ್ನು ಅಳೆದು ಇಡುತ್ತಿದ್ದಳು. ಕಾಗದವೊಂದನ್ನು ಕೈಯಲ್ಲಿ ಸುರುಳಿ ಸುತ್ತಿಕೊಂಡು ಹಳದಿ ದೋಣಿಯ ತಮ್ಮ, ಕೈ ಎತ್ತದವನು, ಮಾವನ ಪಕ್ಕಕ್ಕೆ ಬಂದ. ಎಲ್ಲರಿಗೂ ಕೇಳುವಂತೆ ಮಾತಾಡುವುದು ಅವನ ಅಭ್ಯಾಸ.

"ಏನಣ್ಣಾ, ಮನೆಯೊಳಗೇ ಸಾಕ್ಕೊಂಡಿದ್ದೆಯಲ್ಲ! ದಿನಾ ಮೀನು ಹಾಕಿ ಸಾಕಿದೆ, ಕೊನೆಗೆ ನಿನ್ನ ಹೊಟ್ಟೆ ಮೇಲೇ ಹೊಡೆದ್ಲು."

"ಹೊಡೆದ್ಲು" ಎಂದರು ಮಾವ.

"ಇಲ್ಲ ಅಂತಲೇ ಇತ್ತಲ್ಲ ಗೋಡೆ ಮೇಲೆ. ಹಾಗೇ ಬಿಟ್ಟಿದ್ರೆ ನಾವು ಕೇಸಾದ್ರೂ ಹಾಕ್ಬೋದಿತ್ತು. ಈಗ ನಮ್ಮೋರ ಕೈಯಲ್ಲೇ ಎತ್ತಿಸಿಬಿಟ್ಲು. ಚುರುಕು ಅಂದ್ರೆ ಚುರುಕು."

ಮಾವ ನಿಂತರು. ನಿಂತದ್ದರಿಂದ ಮುಂದೆ ಹೋಗುತ್ತಿದ್ದ ಮೀಸೆಯೂ ಮತ್ತಿಬ್ಬರೂ ನಿಂತು ತಿರುಗಿದರು. ಮಾವ ಆ ಹಳದಿ ದೋಣಿಯವನ ಕೈಯಿಂದ ಸುರುಳಿಯನ್ನು ತೆಗೆದುಕೊಂಡು ಬಿಡಿಸಿದರು. ಬಾಗಿಲಲ್ಲಿ ಹಂಚಿದ್ದ ನಕ್ಷೆ.

"ಈ ಗೆರೆ ನೋಡಿದ್ಯಾ?" ಎಂದರು. ಹುರುಪೆ ಸಿಕ್ಕಿದ್ದ ಉಗುರು ಕಾಗದದ ಮೇಲೆ ಅಂಚಿನುದ್ದಕ್ಕೂ ಮೆಲ್ಲಗೆ ಸರಿಯಿತು. "ಇಲ್ಲಿ ಬಂಡೆ ಒಳಗೆ ತಿರುಗುತ್ತೆ, ಗೆರೆನೂ ತಿರುಗಿದೆ. ಇಲ್ಲಿ ನಡುವೆ ಕಂದಕ, ಮೀನು ಗಾಳಿ ದಿನ ಅದರೊಳಗೆ ಇಳ್ಕೊಳ್ಳುತ್ತೆ, ಅದನ್ನೂ ಬಿಟ್ಟಿಲ್ಲ. ತಪ್ಪು ಹುಡುಕೋಣ ಅಂತಲೇ ಎದುರಿಗೆ ಹೋಗಿ ಕೂತಿದ್ದೆ ಕಣೋ. ಒಂದು ಕಡೆ ತಪ್ಪಿದ್ರೆ ಸಾಕು, ಇಡೀ ಸಭೇನ ಎಬ್ಬಿಸ್ತಿದ್ದೆ. ಸಿಕ್ಕಲಿಲ್ಲ. ನಮ್ಮನೆ ಹುಡುಗಿ ಎಳೆದ ಗೆರೆ."

"ಮತ್ತೆ ಕೈ ಯಾಕೆ ಎತ್ತಲಿಲ್ಲ ನೀನು?" ಎಂದ ಮೀಸೆ.

"ನನ್ನ ಜಾಗ ಕಣೋ ಅದು. ಕೈ ಎತ್ತಿ ಕೊಡೋಕೆ ಆಗಲ್ಲ. ಕಿತ್ಕೊಂಡ್ರೆ ಕೊಡ್ತೀನಿ."

ಹಳದಿ ದೋಣಿಯವನು ನಕ್ಷೆಗಾಗಿ ಕೈ ಚಾಚಿದ. ಮಾವ ಅದನ್ನು ನಾಲ್ಕು ಮಡಿಕೆ ಮಾಡಿ ತಮ್ಮ ಅಂಗಿಯ ಜೇಬಿಗೆ ಇಟ್ಟುಕೊಂಡರು. ಆಮೇಲೆ ಹಿಂದೆ ತಿರುಗಿದರು. ಅವಳು ನಡುರಸ್ತೆಯಲ್ಲಿ ನಿಂತುಬಿಟ್ಟಿದ್ದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಅವಳನ್ನು ನೋಡಿದರು. ಮುಖದಲ್ಲಿ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಅಷ್ಟು ಜನದ ಮುಂದೆ ಅಷ್ಟು ಮಾತಾಡ್ದೆ. ಈಗ ಏನು ಕಳ್ಳಿ ಥರ ಹಿಂದೆ ಹಿಂದೆ ಬರ್ತೀಯ?" ಎಂದರು. "ಮುಂದೆ ನಡಿ. ಎಲ್ಲ ನೋಡ್ಲಿ."

ಗಂಡಸರು ಎರಡು ಕಡೆಗೆ ಸರಿದು ದಾರಿ ಬಿಟ್ಟರು. ಅವಳು ಅವರ ನಡುವಿನಿಂದ, ತಲೆ ತಗ್ಗಿಸದೆ, ಮುಂದೆ ನಡೆದಳು.